ಒಂಬತ್ತು ಮಾತಿನ ಫೋನು

ಹದಿನೈದು ದಿನ ಇದ್ದು ಬರುತ್ತೇನೆಂದು ಹರಪನಹಳ್ಳಿಯ ಬಾಡಿಗೆ ಕೋಣೆಗೆ ಕೀಲಿ ಹಾಕಿ ಕೊಟ್ಟೂರಿನ ನಮ್ಮ ಮನೆಗೆ ಬಂದವಳು ನಾನು. ಆ ಹದಿನೈದು ದಿನ ಎರಡು ವರ್ಷವಾಯಿತು. ಕೋಣೆಯ ಮಾಲೀಕರು ಕಾದು ಕಾದು ನನ್ನ ಹಾಸಿಗೆ, ಬಕೆಟ್ಟು, ಪುಸ್ತಕಗಳನ್ನು ಬಸ್ಸಿಗೆ ಹಾಕಿ ಕಳಿಸಿದರು.

ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಕೂಡ್ಲಿಗಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಹರಪನಹಳ್ಳಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಬಸ್ಸಿನಲ್ಲಿ ಎಷ್ಟು ಗದ್ದಲವಿದ್ದರೂ ಹಿಂದಿನ ಬಾಗಿಲಿನಿಂದ ಅವನು ‘ಹೋಲ್ಡಾನ್’ ಅಂದರೆ ಡ್ರೈವರಿಗೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಬಿದ್ದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ನಾಲಿಗೆ ಮೂರೂ ಹೋದವು. ತಿಳುವಳಿಕೆಗೆ ಏನೂ ಆಗಿಲ್ಲ, ಎಲ್ಲ ಗೊತ್ತಾಗುತ್ತದೆ, ಹೇಳಲಿಕ್ಕೆ ಮಾತ್ರ ಆಗುವುದಿಲ್ಲ ಎಂದು ದಾವಣಗೆರೆಯ ಡಾಕ್ಟರು ನಮಗೆ ಸಮಾಧಾನ ಹೇಳಿದರು. ಅದು ಸಮಾಧಾನವೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊದಲು ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ನೀರು, ಊಟ ಎಂದೆಲ್ಲ ಬರೆದು ಕೊಟ್ಟೆ. ಅಪ್ಪ ಎಡಗೈ ಬೆರಳಿಟ್ಟು ತೋರಿಸುತ್ತಿದ್ದ. ಆದರೆ ಅವ್ವನಿಗೆ ಓದು ಬರುವುದಿಲ್ಲ. ಅವಳು ರಟ್ಟನ್ನೂ ಅಪ್ಪನನ್ನೂ ಸರದಿಯಂತೆ ನೋಡಿ ಕಣ್ಣೀರು ಹಾಕಿಕೊಂಡು ಅಡಿಗೆ ಮನೆಗೆ ಹೋಗಿಬಿಡುತ್ತಿದ್ದಳು. ಆಮೇಲೆ ಸ್ಟೀಲಿನ ಲೋಟ ಮತ್ತು ಚಮಚ ಕೊಟ್ಟೆವು. ಲೋಟ ಬಡಿದರೆ ಕರೆಯುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು, ಯಾಕೆ ಎಂದು ಗೊತ್ತಾಗುತ್ತಿರಲಿಲ್ಲ. ನೀರು ಬೇಕೇನು? ಫ್ಯಾನ್ ಹಾಕಲೇನು? ಹೊರಕಡಿಗೆ ಬಂತೇನು? ಅವ್ವ ಹತ್ತು ಕೇಳಿ ಹತ್ತೂ ತಪ್ಪಿದಾಗ ಅಪ್ಪನ ಪಿತ್ತ ನೆತ್ತಿಗೇರಿ ಲೋಟ ಗೋಡೆಗೆ ಹೋಗುತ್ತಿತ್ತು. ಆ ಗೋಡೆಯ ಗಾರೆ ಎದ್ದ ಗುರುತುಗಳನ್ನು ನಾನು ಎಣಿಸಿಲ್ಲ.

ನನಗೆ ಮಾತ್ರ ತಪ್ಪುತ್ತಿರಲಿಲ್ಲ. ಹುಬ್ಬು ಏರಿದರೆ ನೀರು, ಕಣ್ಣು ಕಿಟಕಿಗೆ ಹೋದರೆ ಸೆಕೆ, ತುಟಿ ಎಡಕ್ಕೆ ಎಳೆದರೆ ಮಗ್ಗಲು ಬದಲಿಸಬೇಕು. ಅಪ್ಪನ ಮುಖ ನನಗೆ ಬಾಯಿಪಾಠ ಬಂದಿತ್ತು. ಬಂದವರೆಲ್ಲ ಹೊಗಳುತ್ತಿದ್ದರು. “ಮಗಳು ಅಂದ್ರ ಹಿಂಗಿರಬೇಕು ನೋಡ್ರಿ, ಅಪ್ಪನ ನಾಲಿಗಿ ಆಗ್ಯಾಳ” ಎಂದು ಓಣಿಯ ಹಿರಿಯರೊಬ್ಬರು ನನ್ನ ಎದುರಿಗೇ ಹೇಳಿದರು. ಕೇಳಿ ಹಿಗ್ಗಿದ್ದೂ ಹೌದು, ಒಳಗೆ ಎದೆ ಧಸಕ್ಕೆಂದದ್ದೂ ಹೌದು. ನಾಲಿಗೆ ಎದ್ದು ಬೇರೆ ಊರಿಗೆ ಹೋಗುವುದಿಲ್ಲವಲ್ಲ. ಅರ್ಧ ಗಂಟೆ ಸಂತೆಗೆ ಹೋಗಿ ಬಂದರೂ ಅವ್ವ ಬಾಗಿಲಲ್ಲೇ ನಿಂತಿರುತ್ತಿದ್ದಳು. “ಲಗೂನ ಬಾರವ್ವಾ, ಏನೋ ಕೇಳಾಕ ಹತ್ಯಾರ, ನನಗೊಂದೂ ತಿಳೀವಲ್ದು.” ನನಗೆ ಚಪ್ಪಲಿ ಬಿಡುವಷ್ಟೂ ಪುರುಸೊತ್ತು ಇರುತ್ತಿರಲಿಲ್ಲ.

ಇಷ್ಟರ ನಡುವೆ ಹರಪನಹಳ್ಳಿಯಿಂದ ಫೋನು ಬಂತು. ಅಲ್ಲಿ ನಾನು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಕೇಂದ್ರ ನಡೆಸುವ ಮೇಡಂ ಒಳ್ಳೆಯವರು, ಎರಡು ವರ್ಷ ನನ್ನ ಜಾಗಕ್ಕೆ ಆಗೊಬ್ಬರು ಈಗೊಬ್ಬರನ್ನು ಇಟ್ಟುಕೊಂಡು ತಳ್ಳಿದ್ದರು. “ಜೂನಿಗೆ ಹೊಸ ಬ್ಯಾಚ್ ಶುರು ಆಗ್ತವಮ್ಮ. ಅಷ್ಟೊತ್ತಿಗೆ ನೀವು ಬಂದ್ರೆ ಸರಿ, ಇಲ್ಲಾಂದ್ರೆ ಖಾಯಂ ಒಬ್ಬರನ್ನ ತಗಂತೀನಿ” ಎಂದರು. ಆಗ ಮಾರ್ಚ್ ಮುಗಿಯುತ್ತಿತ್ತು. ಮಾಳಿಗೆಯ ಮೇಲೆ ನಿಂತು ಮಾತಾಡುತ್ತಿದ್ದೆ, ಯಾಕೆಂದರೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಕೆಳಗೆ ಲೋಟದ ಸದ್ದು ಕೇಳಿಸಿತು. ಇಳಿಯಲಿಲ್ಲ. ಆ ಸದ್ದು ಇನ್ನೂ ಮೂವತ್ತು ವರ್ಷ ಕೇಳುತ್ತದೆ, ನಾನು ಇಳಿಯುತ್ತಲೇ ಇರುತ್ತೇನೆ ಎಂದು ಮೊದಲ ಸಲ ಸ್ಪಷ್ಟವಾಗಿ ಅನಿಸಿತು. ಹೆದರಿಕೆಯಾಯಿತು. ಹೆದರಿಕೆ ಆದದ್ದಕ್ಕೆ ನಾಚಿಕೆಯೂ ಆಯಿತು.

ಆಗ ಹೊಳೆದದ್ದು ಫೋನು. ಇವತ್ತಿನ ಹಾಗೆ ಗಾಜು ಸವರುವ ಫೋನು ನಮ್ಮ ಕಡೆ ಇನ್ನೂ ಕಂಡಿರಲಿಲ್ಲ. ಇದ್ದದ್ದು ಗುಂಡಿಗಳ ಫೋನು. ಅವುಗಳಲ್ಲಿ ಕೆಲವಕ್ಕೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಮುಗಳನ್ನು ಹಾಕಬಹುದಿತ್ತು. ಹುಡುಗರು ಅದರಲ್ಲಿ ಕ್ರಿಕೆಟ್ ಆಡುತ್ತಿದ್ದರು. ನಾನು ಜಾವಾ ಪಾಠ ಹೇಳುತ್ತಿದ್ದವಳು, ಆದರೆ ಬೋರ್ಡಿನ ಮೇಲೆ. ಒಂದು ಗುಂಡಿ ಒತ್ತಿದರೆ ಒಂದು ಮಾತು ಜೋರಾಗಿ ಹೊರಡುವ ಪ್ರೋಗ್ರಾಮ್ ಬರೆದರೆ? ಎರಡು ಒತ್ತಿದರೆ ‘ನೀರು’. ಅಡಿಗೆ ಮನೆಯಲ್ಲಿರುವ ಅವ್ವನಿಗೆ ಕೇಳುತ್ತದೆ, ಅವಳು ನೀರು ತರುತ್ತಾಳೆ, ಅಷ್ಟೇ. ನಡುವೆ ನಾನು ಬೇಕಿಲ್ಲ. ಎಲ್ಲರಿಗೂ ಇದು ಅಪ್ಪನಿಗಾಗಿ ಎಂದು ಹೇಳಿದೆ. ಸುಳ್ಳೇನಲ್ಲ. ಆದರೆ ನನಗೆ ಬೇಕಿದ್ದದ್ದು ‘ನಡುವೆ ನಾನು ಬೇಕಿಲ್ಲ’ ಎಂಬುದು.

ಕೊಟ್ಟೂರು ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಸಾಹೇಬರೊಬ್ಬರು ಇದ್ದರು. ಮೊದಲು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಅಪ್ಪನ ಬಸ್ಸಿನಲ್ಲೇ ವಾರವಾರ ಓಡಾಡಿದವರಾದ್ದರಿಂದ ವಿಷಯ ಕೇಳಿ ಹಳೆಯ ಫೋನುಗಳ ಡಬ್ಬಿಯನ್ನೇ ನನ್ನ ಮುಂದೆ ಸುರುವಿದರು. ಒಂದೊಂದನ್ನೂ ಕಿವಿಯಿಂದ ದೂರ ಹಿಡಿದು ಬಾರಿಸಿ ನೋಡಿ ಒಂದನ್ನು ಆರಿಸಿದರು. “ಇದು ತಗೋ ತಂಗಿ. ಗುಂಡಿ ದೊಡ್ಡವು, ಗಂಟಲು ಚಲೋ ಐತಿ. ನಿಮ್ಮಪ್ಪನ ಗಂಟಲಿಗೆ ಸರಿಹೋಗ್ತೈತಿ.” ಕಂಪ್ಯೂಟರಿಗೆ ಜೋಡಿಸುವ ಡೇಟಾ ಕೇಬಲ್ಲನ್ನೂ, ಅದರ ಜೊತೆ ಬರುವ ಅಂಗೈ ಅಗಲದ ಸಿಡಿಯನ್ನೂ ಕೊಟ್ಟರು.

ನಮ್ಮ ಮನೆಯಲ್ಲಿ ಸರಿಯಾದ ಪ್ಲಗ್ಗು ಇದ್ದದ್ದು ನಡುಮನೆಯಲ್ಲಿ ಒಂದೇ. ಅಪ್ಪನ ಮಂಚವೂ ಅಲ್ಲೇ. ಹಾಗಾಗಿ ನನ್ನ ಹಳೆಯ ಕಂಪ್ಯೂಟರ್ ಮಂಚದ ಪಕ್ಕ ಬಂತು. ನಾನು ಗೋಡೆಗೆ ಮುಖ ಮಾಡಿ ಕೂತರೆ ಬೆನ್ನ ಹಿಂದೆ ಅಪ್ಪ. ಕರೆಂಟು ಹೋದಾಗ ಕಪ್ಪಾದ ಪರದೆಯ ಗಾಜಿನಲ್ಲಿ ಅವನು ನನ್ನನ್ನೇ ನೋಡುತ್ತಿರುವುದು ಕಾಣುತ್ತಿತ್ತು. ಏಪ್ರಿಲ್ಲಿನಲ್ಲಿ ನಮ್ಮಲ್ಲಿ ಕರೆಂಟು ಹೋಗುವುದೇ ಹೆಚ್ಚು.

ಒಂಬತ್ತು ಗುಂಡಿಗೆ ಒಂಬತ್ತು ಮಾತು ಆರಿಸಿದೆ. ಒಂದು ಹೌದು, ಎರಡು ನೀರು, ಮೂರು ಇಲ್ಲ, ನಾಲ್ಕು ಊಟ. ಐದರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತದೆ. ಅವಸರಕ್ಕೆ ಬೇಕಾದ ಮಾತು ಅದೇ ಎಂದು ಅಲ್ಲಿಗೆ ‘ನೋವು’ ಇಟ್ಟೆ. ಆರು ಹೊರಕಡೆ, ಏಳು ಸೆಕೆ, ಎಂಟು ಮಗ್ಗಲು, ಒಂಬತ್ತು ಬಾ. ದನಿ ಯಾರದು ಎನ್ನುವ ಪ್ರಶ್ನೆ ಬಂತು. ಅವ್ವ ಮೈಕು ನೋಡಿದ ಕೂಡಲೇ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರು ಮಾಡಿದಳು. ಎಂಟು ಸಲ ಪ್ರಯತ್ನಿಸಿದರೂ ‘ನೀರು’ ಅನ್ನುವುದರೊಳಗೆ ನಗು ಬರುತ್ತಿತ್ತು. ಎರಡು ವರ್ಷಕ್ಕೆ ಅವಳು ನಕ್ಕದ್ದು ಅವತ್ತೇ ಇರಬೇಕು, ಬೈಯಲು ಮನಸ್ಸಾಗಲಿಲ್ಲ. ಕೊನೆಗೆ ಒಂಬತ್ತೂ ಮಾತುಗಳನ್ನು ನಾನೇ ಹೇಳಿದೆ.

ಬರೆದ ಸಾಲುಗಳನ್ನೆಲ್ಲ ಒಟ್ಟುಗೂಡಿಸಿ ಫೋನಿಗೆ ತಿಳಿಯುವಂಥ ಒಂದು ಕಡತ ಮಾಡುವುದಕ್ಕೆ ಬಿಲ್ಡ್ ಮಾಡುವುದು ಎನ್ನುತ್ತಾರೆ. ಮೊದಲ ನಾಲ್ಕು ದಿನ ಬಿಲ್ಡೇ ಆಗಲಿಲ್ಲ. ಕೆಂಪು ಅಕ್ಷರದಲ್ಲಿ ಎರರ್ ಮೇಲೆ ಎರರ್. ಕಡತ ಸಿಗುತ್ತಿಲ್ಲ ಅನ್ನುತ್ತಿತ್ತು. ಕಡತ ಕಣ್ಣೆದುರಿಗೇ ಇತ್ತು. ಕೊನೆಗೆ ನೋಡಿದರೆ, ನಾನು ಫೋಲ್ಡರಿಗೆ ‘ಅಪ್ಪ’, ‘ಫೋನ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ ಇಟ್ಟು ನಡುವೆ ಜಾಗ ಬಿಟ್ಟಿದ್ದೆ. ಆ ಕಾಲದ ಸಾಫ್ಟ್‌ವೇರಿಗೆ ಆ ಒಂದು ಖಾಲಿ ಜಾಗ ದಾಟಲು ಆಗುತ್ತಿರಲಿಲ್ಲ. ಪಾಠ ಹೇಳುವಾಗ ಹುಡುಗರು ಇದೇ ತಪ್ಪು ಮಾಡಿದರೆ ನಾನು ಎಷ್ಟು ಕುಟುಕಿದ್ದೆನೋ ಎಲ್ಲ ನೆನಪಾಯಿತು.

ಅದು ಸರಿಹೋದ ದಿನ ಕಂಪ್ಯೂಟರಿನ ಪರದೆಯ ಮೇಲೆ ಚಿತ್ರದ ಫೋನು ಒಂದು ಮೂಡಿತು. ನಿಜದ ಫೋನಿಗೆ ಹಾಕುವ ಮುಂಚೆ ಪರೀಕ್ಷೆ ಮಾಡಲು ಇರುವ ನಕಲಿ ಫೋನು ಅದು. ಮೌಸಿನಿಂದ ಎರಡನ್ನು ಒತ್ತಿದೆ. ‘ನೀರು’ ಎಂದಿತು. ಅಡಿಗೆ ಮನೆಯಿಂದ ಅವ್ವ ನಿಜವಾಗಿ ನೀರು ತಂದಳು. ಅಪ್ಪನ ಮುಖದ ಎಡಭಾಗ ಅರಳಿತು. ನಾನಂತೂ ಆಗಲೇ ಮನಸ್ಸಿನಲ್ಲಿ ಹರಪನಹಳ್ಳಿಯ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ.

ಆದರೆ ಚಿತ್ರದ ಫೋನನ್ನು ಅಪ್ಪನ ಕೈಗೆ ಕೊಡಲು ಬರುವುದಿಲ್ಲ. ನಿಜದ ಫೋನಿಗೆ ಕೇಬಲ್ ಚುಚ್ಚಿದೆ. ‘ಟಣ್’ ಎಂದು ಸದ್ದಾಗಿ ಪರದೆಯ ಮೂಲೆಯಲ್ಲಿ ಒಂದು ಚೀಟಿ ಬಂತು: ಜೋಡಿಸಿದ ಸಾಧನ ಯಾವುದೆಂದು ಗುರುತು ಸಿಗುತ್ತಿಲ್ಲ. ತೆಗೆದು ಮತ್ತೆ ಚುಚ್ಚಿದೆ. ಮತ್ತೆ ಅದೇ ಚೀಟಿ. ಫೋನಿನ ಭಾಷೆಯನ್ನು ಕಂಪ್ಯೂಟರಿಗೆ ತಿಳಿಸಿಕೊಡಲು ಡ್ರೈವರ್ ಎಂಬ ಸಣ್ಣ ಸಾಫ್ಟ್‌ವೇರ್ ಬೇಕು. ಸಿಡಿಯಿಂದ ಅದನ್ನು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. “ಡ್ರೈವರ್ ಸರಿ ಇಲ್ಲಪ್ಪಾ, ಅದಕ್ಕ ಗಾಡಿ ಹೊಂಡವಲ್ದು” ಎಂದೆ. ಕಂಡಕ್ಟರ್ ಅಪ್ಪ ಗಂಟಲಲ್ಲೇ ಗೊಳ್ಳೆಂದು ನಕ್ಕ. ಮೂವತ್ತು ವರ್ಷ ಅವನು ಹೇಳುತ್ತಿದ್ದದ್ದೂ ಅದನ್ನೇ.

ಫೋನು, ಕೇಬಲ್ ತೆಗೆದುಕೊಂಡು ಸಾಹೇಬರ ಅಂಗಡಿಗೆ ಓಡಿದೆ. ಅವರು ಯಾವ ಫೋನು ಕೈಗೆ ಬಂದರೂ ಮೊದಲು ಮಾಡುವ ಕೆಲಸ ಒಂದೇ. ಹಲ್ಲುಜ್ಜುವ ಹಳೆಯ ಬ್ರಶ್ಶನ್ನು ಪೆಟ್ರೋಲಿನಲ್ಲಿ ಅದ್ದಿ ಎಲ್ಲ ಸಂದಿಗಳನ್ನು ಉಜ್ಜುವುದು. ಉಜ್ಜಿ, ಊದಿ, ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಫೋನಿನ ಗುರುತು ಕೂಡಲೇ ಸಿಕ್ಕಿತು. ನಾನು ಒಯ್ದಿದ್ದ ಪ್ರೋಗ್ರಾಮನ್ನು ಹಾಕಿದರು, ಕೂತಿತು. ಎರಡು ಒತ್ತಿದೆ. ಸದ್ದಿಲ್ಲ. ಪ್ರೋಗ್ರಾಮ್ ತೆರೆಯುತ್ತದೆ, ಮಾತು ಹೊರಡುವುದಿಲ್ಲ. ಅಪ್ಪನ ಹಾಗೆಯೇ ಆಯಿತಲ್ಲ ಎಂದು ಅಳು ಬಂತು. ಚಿತ್ರದ ಫೋನು ಒಪ್ಪಿಕೊಂಡ ದನಿಯ ಕಡತವನ್ನು ನಿಜದ ಫೋನು ಒಪ್ಪುತ್ತಿರಲಿಲ್ಲ. ಅದಕ್ಕೆ ಬೇರೆ ನಮೂನೆಯ, ಇನ್ನೂ ಚಿಕ್ಕ ಕಡತ ಬೇಕಿತ್ತು. ಯಾವ ನಮೂನೆ, ಎಷ್ಟು ಚಿಕ್ಕದು ಎನ್ನುವುದನ್ನು ಹಾಕಿ ನೋಡಿಯೇ ತಿಳಿಯಬೇಕು.

“ಫೋನು ಚಲೋ ಐತಿ, ಕೇಬಲ್ಲೂ ಚಲೋ ಐತಿ. ನಿನ್ನ ಕಂಪ್ಯೂಟರ್ ಕೆಟ್ಟೈತಿ ನೋಡು ತಂಗಿ” ಎಂದರು ಸಾಹೇಬರು. ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅಂಗಡಿಯಲ್ಲೇ ಹಾಕಿ ನೋಡೋಣ ಎಂದರೆ ತಿದ್ದುವ ಸಾಫ್ಟ್‌ವೇರ್ ಇದ್ದದ್ದು ಮನೆಯ ಕಂಪ್ಯೂಟರಿನಲ್ಲಿ, ಒಂದೊಂದು ಬದಲಾವಣೆಗೂ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಇಪ್ಪತ್ತು ನಿಮಿಷದ ದಾರಿ. ಹೋಗಿ ಬರುವಷ್ಟರಲ್ಲಿ ಮನೆಯಲ್ಲಿ ಎಷ್ಟು ಸಲ ಲೋಟ ಬಿದ್ದಿರುತ್ತದೋ ಯಾರಿಗೆ ಗೊತ್ತು. ನಾನು ಮನೆಯಿಂದ ತಪ್ಪಿಸಿಕೊಳ್ಳಲು ಮಾಡುತ್ತಿದ್ದ ಕೆಲಸಕ್ಕೇ ಮನೆಯಿಂದ ಹೊರಬೀಳಲು ಆಗುತ್ತಿರಲಿಲ್ಲ.

ಮನೆಗೆ ಬಂದು ಅದೇ ಕೇಬಲ್ ಚುಚ್ಚಿದರೆ ಅವತ್ತು ನಮ್ಮ ಕಂಪ್ಯೂಟರಿಗೂ ಗುರುತು ಸಿಕ್ಕಿತು. ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಕರೆಂಟು ಹೋಯಿತು. ಇಲಿ ಕಡಿದೀತೆಂದು ಅವ್ವ ಫೋನನ್ನು ಎಂದಿನಂತೆ ದೇವರ ಜಗಲಿಯ ಮೇಲೆ ಎತ್ತಿಟ್ಟಳು. ಮರುದಿನ ಬೆಳಿಗ್ಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕರೆಂಟಿಗೆ ಕಾದು, ಬಂದ ಕೂಡಲೇ ಚುಚ್ಚಿದರೆ ಮತ್ತೆ ಅದೇ ಚೀಟಿ. ಗುರುತು ಸಿಗುತ್ತಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಹಿಂದಿನ ದಿನ ಆದದ್ದು ಇವತ್ತು ಯಾಕೆ ಆಗುವುದಿಲ್ಲ? ಪೂರ್ತಿ ಕೆಟ್ಟದ್ದನ್ನು ರಿಪೇರಿ ಮಾಡಬಹುದು, ಒಮ್ಮೆ ಸರಿ ಒಮ್ಮೆ ತಪ್ಪು ಆಗುವುದು ಮನುಷ್ಯರನ್ನು ಕೊಲ್ಲುತ್ತದೆ. ಕಂಪ್ಯೂಟರಿನ ಹಿಂದಿನ ಕಿಂಡಿ ಬಿಟ್ಟು ಮುಂದಿನ ಕಿಂಡಿಗೆ ಚುಚ್ಚಿದೆ. ಡ್ರೈವರನ್ನು ಇನ್ನೊಮ್ಮೆ ಬೇರುಸಹಿತ ಕಿತ್ತು ಹಾಕಿದೆ. ಡಿಸ್ಕನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಿದೆ. ಅದಕ್ಕೆ ಒಂದೂವರೆ ದಿನ ಹಿಡಿಯಿತು, ನಡುವೆ ಮೂರು ಸಲ ಕರೆಂಟು ಹೋಗಿ ಮೊದಲಿನಿಂದ ಮಾಡಬೇಕಾಯಿತು. ಆದ ಮೇಲೂ ಅದೇ ಚೀಟಿ. ಒಂದು ನೋಟ್‌ಬುಕ್ಕಿನಲ್ಲಿ ಯಾವ ಹೊತ್ತು, ಯಾವ ಕಿಂಡಿ, ಏನು ಮಾಡಿದೆ, ಏನಾಯಿತು ಎಂದು ಬರೆಯತೊಡಗಿದೆ. ಆ ನೋಟ್‌ಬುಕ್ಕನ್ನು ಈಗ ಓದಿದರೆ ಹುಚ್ಚಿಯ ದಿನಚರಿ ಅನಿಸುತ್ತದೆ. ಕಿಟಕಿ ಮುಚ್ಚಿ ಚುಚ್ಚಿದೆ, ಆಗಲಿಲ್ಲ ಎಂದೆಲ್ಲ ಬರೆದಿದ್ದೇನೆ. ಸೋಮವಾರ ಆಗುವುದೇ ಇಲ್ಲ ಎಂದೂ ಒಂದು ಕಡೆ ಇದೆ.

ಬೇರೆ ದಾರಿ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆ ಫೋನಿಗೆ ಬ್ಲೂಟೂತ್ ಇರಲಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಲು ನಮ್ಮ ಮಾಳಿಗೆಯ ಸಿಗ್ನಲ್ ಸಾಲುತ್ತಿರಲಿಲ್ಲ. ಕೇಬಲ್ಲೇ ಗತಿ. ಮೇ ತಿಂಗಳು ಅರ್ಧ ಕಳೆಯಿತು. ಸೆಕೆಗೆ ಗೋಡೆಯೂ ಬೆವರುತ್ತದೇನೋ ಅನಿಸುವ ನಡುಮನೆ, ಒಂದು ಪ್ಲಗ್ಗು, ಒಂದು ಮಂಚ. ಕೇಬಲ್ ಎಳೆದು ಬಿಸಾಕಿ ತಲೆ ಹಿಡಿದು ಕೂತರೆ ಹಿಂದಿನಿಂದ ಲೋಟದ ಸದ್ದು. ಒಂದು ದಿನ ತಿರುಗಿಯೂ ನೋಡದೆ “ತಡಿಯಪ್ಪಾ, ಸಾಯಂಗಿಲ್ಲ ಯಾರೂ” ಎಂದುಬಿಟ್ಟೆ. ಸದ್ದು ನಿಂತಿತು. ಹಾಸಿಗೆ ಒದ್ದೆಯಾಗಿತ್ತು. ನಾನು ಬಟ್ಟೆ ಬದಲಿಸುವಾಗ ಅಪ್ಪ ನನ್ನ ಮುಖ ನೋಡಲಿಲ್ಲ.

ಮೂರನೆಯ ಸಲವೋ ನಾಲ್ಕನೆಯ ಸಲವೋ ಅಂಗಡಿಗೆ ಹೋದಾಗ ಸಾಹೇಬರು ಬ್ರಶ್ಶು ಹಿಡಿದವರು ಹಾಗೇ ನಿಂತರು. ಕನ್ನಡಕವನ್ನು ಹಣೆಗೆ ಏರಿಸಿ ಫೋನಿನ ತಳಭಾಗವನ್ನು ಮೂಗಿನ ಹತ್ತಿರ ತಂದರು.

“ಮನ್ಯಾಗ ಸುಣ್ಣ ಬಳಿಯಾಕ ಹತ್ತೀರೇನು?”

“ಇಲ್ಲಲ್ರಿ ಅಣ್ಣಾರ. ಯಾಕ?”

“ಪ್ರತಿ ಸಲ ಇದರ ಬಾಯಾಗ ಬಿಳೇದು ತುಂಬಿರ್ತೈತಿ. ನಾ ಸಾಫ್ ಮಾಡಿ ಕೊಡ್ತೀನಿ, ನೀ ಮತ್ತ ತುಂಬಿಸ್ಕೊಂಡು ಬರ್ತಿ. ಸುಣ್ಣ ಇರಬೇಕು ಅಂದ್ಕೊಂಡಿದ್ದೆ.” ಬೆರಳ ತುದಿಯಲ್ಲಿ ಅದನ್ನು ಉಜ್ಜಿ ವಾಸನೆ ನೋಡಿದರು. ನನ್ನ ಕಡೆಗೂ ಹಿಡಿದರು. “ತಪ್ಪು ತಿಳ್ಕೋಬ್ಯಾಡ ತಂಗಿ, ನಿಮ್ಮ ಮಂದಿ ಹಣಿಗೆ ಹಚ್ಕೋತಾರಲ್ಲ, ಅದರ ವಾಸನಿ ಬರ್ತೈತಿ.”

ವಿಭೂತಿ. ಹುಟ್ಟಿದಾಗಿನಿಂದ ಮೂಗಿಗೆ ಗೊತ್ತಿರುವ ವಾಸನೆ. ಕೇಬಲ್ ಚುಚ್ಚುವ ಅಗಲವಾದ ಕಿಂಡಿ ಫೋನಿನ ತಳದಲ್ಲಿತ್ತು. ಒಳಗೆ ಸಾಲಾಗಿ ಕೂದಲಿನಷ್ಟು ಸಣ್ಣ ತಾಮ್ರದ ಕಡ್ಡಿಗಳು. ಆ ಕಡ್ಡಿಗಳ ಮೇಲೆ ನೀರಿನಲ್ಲಿ ಕಲಸಿದ ವಿಭೂತಿ ಒಣಗಿ ಗಟ್ಟಿಯಾಗಿ ಕೂತಿತ್ತು. ಚಾರ್ಜರಿನ ತೂತು ಬೇರೆ ಇದ್ದದ್ದರಿಂದ ಚಾರ್ಜು ಮಾತ್ರ ಸರಿಯಾಗಿ ಆಗುತ್ತಿತ್ತು, ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ.

ಮನೆಗೆ ಹೇಗೆ ನಡೆದು ಬಂದೆನೋ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ಫೋನನ್ನು ಅವಳ ಮುಖದ ಮುಂದೆ ಹಿಡಿದು ಇದಕ್ಕೆ ವಿಭೂತಿ ಹಚ್ಚಿದೆಯಾ ಎಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

“ಹೂನವ್ವಾ. ದಿನಾ ಜಳಕಾ ಮಾಡ್ಕೊಂಡು ಬಂದು ನಿಮ್ಮಪ್ಪನ ನಾಲಿಗಿಗೆ ಒಂದೀಟು ಹಚ್ತೀನಲ್ಲ, ಆಮ್ಯಾಲ ಇದರ ಬಾಯಿಗೂ ಒಂದೀಟು ಇಡ್ತೀನಿ. ಸೋಮವಾರ ಮಠದ ಗದ್ದಿಗಿ ವಿಭೂತಿ ತಂದಿರ್ತೀನಿ, ಅವತ್ತು ಜಾಸ್ತಿ ಇಡ್ತೀನಿ. ಮ್ಯಾಲ ಹತ್ತಿದ್ದನ್ನ ಸೆರಗಿನಾಗ ಒರಸ್ತೀನಿ, ನೀ ಬೈತಿ ಅಂತ.”

ಅವಳ ಲೆಕ್ಕದಲ್ಲಿ ಆ ಅಗಲವಾದ ಕಿಂಡಿ ಫೋನಿನ ಬಾಯಿ. ಮಾತು ಬರಬೇಕಾದದ್ದು ಅಲ್ಲಿಂದ. ಮಾತು ಹೋದ ಅಪ್ಪನ ನಾಲಿಗೆಗೆ ಏನು ಮಾಡುತ್ತಿದ್ದಳೋ ಮಾತು ಬರಬೇಕಾದ ಫೋನಿಗೂ ಅದನ್ನೇ ಮಾಡಿದ್ದಳು. ಇಲಿ ಕಡಿಯುತ್ತದೆ ಎಂದು ನೆಪ ಹೇಳಿ ಫೋನನ್ನು ದೇವರ ಜಗಲಿಯ ಮೇಲೆ ಇಡುತ್ತಿದ್ದದ್ದೂ ಇದಕ್ಕೇ. ನಾನು ಜಳಕಕ್ಕೆ ಹೋದ ಹೊತ್ತಿನಲ್ಲಿ ಅವಳ ಪೂಜೆ ಮುಗಿದಿರುತ್ತಿತ್ತು.

ಈಗ ನೆನೆದರೆ ನಗು ಬರುತ್ತದೆ. ಅವತ್ತು ಬರಲಿಲ್ಲ. ಒಂದೂವರೆ ತಿಂಗಳು ನಾನು ಕಿತ್ತದ್ದು, ಹಾಕಿದ್ದು, ಅಳಿಸಿದ್ದು ಎಲ್ಲ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಭಕ್ತಿ ಹಾಳಾಗಲಿ ಅಂದೆ. ನೀನು ಬೇಕಂತಲೇ ಮಾಡಿದ್ದು, ಇದು ಮಾತಾಡಿದರೆ ನಾನು ಹೊರಟುಹೋಗುತ್ತೇನೆ ಎಂದು ನಿನಗೆ ಗೊತ್ತು ಅಂದೆ. ನಡುಮನೆಯಲ್ಲಿ ಮಲಗಿದ್ದ ಅಪ್ಪನಿಗೆ ಎಲ್ಲವೂ ಕೇಳಿಸಿತ್ತು.

ಅವ್ವ ಕೈಗೆ ಹತ್ತಿದ ಮೆಣಸಿನ ಬೀಜ ಕೊಡವಿಕೊಂಡಳು.

“ಗೊತ್ತೈತವ್ವಾ, ಹೋಗ್ತಿ ಅಂತ. ಗೊತ್ತಿದ್ದೇ ಇಟ್ಟೆ. ಇದಕ್ಕ ಮಾತು ಬರ್ಲಿ ಅಂತ ಬೇಡ್ಕೊಂಡೇ ಇಟ್ಟೆ.”

ಕ್ಷಮಿಸು ಎನ್ನುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅವಳ ಎದುರು ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದೆ. ಆಮೇಲೆ ಅವಳೇ ಎದ್ದು ಹೋಗಿ ಹಣತೆಗೆ ಬತ್ತಿ ಹೊಸೆಯುವ ಅರಳೆ ತಂದುಕೊಟ್ಟಳು. ಅದನ್ನು ಕಡ್ಡಿಗೆ ಸುತ್ತಿ ಇಬ್ಬರೂ ಸೇರಿ ಆ ಕಿಂಡಿಯನ್ನು ಒರೆಸಿದೆವು.

ಆ ಮೇಲೆ ಎಲ್ಲ ಬೇಗ ಬೇಗ ನಡೆಯಿತು. ದನಿಯ ಕಡತವನ್ನು ಬೇರೆ ನಮೂನೆಗೆ ಬದಲಿಸಿದೆ. ಪ್ರೋಗ್ರಾಮಿನ ಅಳತೆಯನ್ನು ಬರೆದಿಡುವ ಪುಟ್ಟ ಕಡತದಲ್ಲಿ ಒಂದಂಕಿ ಹೆಚ್ಚು ಕಡಿಮೆಯಾದರೂ ಫೋನು ಒಪ್ಪುವುದಿಲ್ಲ ಎಂದು ತಿಳಿಯಿತು, ಅದನ್ನೂ ಸರಿಮಾಡಿದೆ. ಹಾಕು, ನೋಡು, ತೆಗೆ, ತಿದ್ದು, ಮತ್ತೆ ಹಾಕು. ಮೂರನೆಯ ದಿನ ಮಧ್ಯಾಹ್ನ ಎರಡರ ಗುಂಡಿ ಒತ್ತಿದೆ. ಫೋನು ನನ್ನ ದನಿಯಲ್ಲಿ ‘ನೀರು’ ಎಂದಿತು. ಸ್ವಲ್ಪ ಶೀತ ಹಿಡಿದ ನನ್ನ ದನಿ, ಆದರೆ ನನ್ನದೇ. ಅವ್ವ ನೀರು ತಂದು ಅಪ್ಪನಿಗೆ ಕುಡಿಸಿದಳು. ಬಾಯಾರಿಕೆ ಇರಲಿಲ್ಲ ಅವನಿಗೆ, ಆದರೂ ಪೂರ್ತಿ ಕುಡಿದ.

ಒಂದು ವಾರದಲ್ಲಿ ಇಬ್ಬರಿಗೂ ರೂಢಿಯಾಯಿತು. ‘ಸೆಕೆ’ ಅಂದರೆ ಫ್ಯಾನು, ‘ಮಗ್ಗಲು’ ಅಂದರೆ ತಿರುಗಿಸುವುದು. ಲೋಟ ಕಪಾಟು ಸೇರಿತು. ನಾನು ಬೇಕೆಂದೇ ಹಿತ್ತಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಒಳಗೆ ನನ್ನ ದನಿ ನೀರು ಕೇಳುತ್ತದೆ, ಅವ್ವ ಬಂದೆ ಅನ್ನುತ್ತಾಳೆ, ನಾನು ಹೊರಗೆ ಬೇವಿನ ಕೆಳಗೆ ಇದ್ದೇನೆ. ನಾನು ಬೇಕಾಗಿಲ್ಲ. ಎರಡು ವರ್ಷದಿಂದ ಬಯಸಿದ್ದು ಇದನ್ನೇ. ಆದರೂ ಒಳಗೆ ಹೋಗಲೆಂದು ಎರಡು ಸಲ ಎದ್ದು ಮತ್ತೆ ಕೂತೆ. ಕೊನೆಗೆ ಹರಪನಹಳ್ಳಿಯ ಮೇಡಂಗೆ ಬರುತ್ತೇನೆಂದು ಹೇಳಿ, ಬಟ್ಟೆ ಮಡಚಲು ಶುರು ಮಾಡಿದೆ.

ಜೂನಿನ ಮೊದಲ ಸೋಮವಾರ ನಾನು ಹೋದದ್ದು ನಿಜ, ಮುಂದೆ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದದ್ದೂ ನಿಜ. ನಾನು ಹೇಳಬೇಕಾದದ್ದು ಹೋಗುವ ಹಿಂದಿನ ದಿನ ಸಂಜೆಯದು. ಬ್ಯಾಗು ಬಾಗಿಲ ಹತ್ತಿರ ಇತ್ತು. ನಾನು ಕಂಪ್ಯೂಟರಿನ ತಂತಿಗಳನ್ನು ಬಿಚ್ಚಿ ಸುತ್ತುತ್ತಿದ್ದೆ. ಹಿಂದಿನಿಂದ ಫೋನು ಮಾತಾಡಿತು.

‘ನೋವು.’

ಅದುವರೆಗೆ ಅಪ್ಪ ಐದನ್ನು ಒತ್ತಿರಲಿಲ್ಲ. ನಾನು ತಂತಿ ಬಿಸಾಕಿ ಮಂಚಕ್ಕೆ ಬಂದೆ. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಎದೆ ಮುಟ್ಟಿ ಇಲ್ಲೇನಪ್ಪಾ ಎಂದೆ. ‘ಇಲ್ಲ’ ಎಂದಿತು ಫೋನು. ಸೊಂಟ? ‘ಇಲ್ಲ.’ ಬಲಗಾಲು? ‘ಇಲ್ಲ.’ ತಲೆ, ಹೊಟ್ಟೆ, ಬೆನ್ನು ಎಲ್ಲ ಮುಟ್ಟಿ ಕೇಳಿದೆ. ಅವನು ತಾಳ್ಮೆಯಿಂದ ಮೂರನ್ನು ಒತ್ತುತ್ತ ಹೋದ. ಆಮೇಲೆ ಫೋನು ಹಿಡಿದ ಎಡಗೈಯನ್ನು ನನ್ನ ಕಡೆಗೆ ಎತ್ತಿ ಮತ್ತೆ ಐದನ್ನು ಒತ್ತಿದ. ‘ನೋವು.’ ಕೈ ಇಳಿಸಲಿಲ್ಲ. ನನಗೆ ತಿಳಿಯಲಿಲ್ಲ. ಅಪ್ಪನ ಮುಖ ಬಾಯಿಪಾಠ ಬಂದಿದ್ದ ನನಗೆ ಅವತ್ತು ಏನೂ ತಿಳಿಯಲಿಲ್ಲ.

ಅವ್ವನಿಗೆ ತಿಳಿಯಿತು.

“ತನಗಲ್ಲವ್ವಾ” ಎಂದಳು. “ನಿನ್ನ ಕೇಳಾಕ ಹತ್ಯಾರ.”

ಎರಡು ವರ್ಷದಲ್ಲಿ ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಅಪ್ಪನಿಗೆಂದು ಆರಿಸಿಟ್ಟ ಒಂಬತ್ತು ಮಾತುಗಳಲ್ಲಿ ಒಂದೂ ನನ್ನನ್ನು ಕುರಿತದ್ದಲ್ಲ. ಇದ್ದ ಮಾತುಗಳಲ್ಲೇ ಹುಡುಕಿ ಅವನು ಇದೊಂದನ್ನು ತೆಗೆದಿದ್ದ.

“ನನಗೇನು ನೋವಿಲ್ಲಪ್ಪಾ” ಎಂದೆ.

ಅಪ್ಪ ನನ್ನನ್ನೇ ನೋಡಿದ. ಹೆಬ್ಬೆರಳು ಐದರಿಂದ ಮೇಲಕ್ಕೆ ನಿಧಾನವಾಗಿ ಸರಿಯಿತು. ಮೊದಲು ಎರಡರ ಮೇಲೆ ಹೋಗಿ ಅಲ್ಲಿಂದ ಒಂದರ ಮೇಲೆ ನಿಂತು ಒತ್ತಿತು.

‘ಹೌದು’ ಎಂದಿತು ಫೋನು, ನನ್ನ ದನಿಯಲ್ಲಿ.

ಮಂಚದ ಅಂಚಿಗೆ ಕೂತು ಅವನ ಕೈಯನ್ನು ಕೆಳಗಿಳಿಸಿ ಹಿಡಿದುಕೊಂಡೆ. ಹೌದಪ್ಪಾ ಎಂದೆ.